ನನ್ನ ಅಳತೆಯ ಪೆಟ್ಟಿಗೆ

ನಮ್ಮೂರಲ್ಲಿ ಮಾತು ಒಂದು ಮಾರಿಗಿಂತ ಆಚೆ ಹೋಗುವುದಿಲ್ಲ. ಎರಡು ಕೈ ಚಾಚಿ ನಿಂತರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಎಷ್ಟು ದೂರವೋ ಅಷ್ಟೇ ಅದರ ಓಟ. ಅದರಾಚೆ ನಿಂತವರಿಗೆ ನಿಮ್ಮ ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಕೂಗಿದರೂ ಹಾಗೇ, ಪಿಸುಗುಟ್ಟಿದರೂ ಹಾಗೇ. ಎದುರು ಮನೆಯ ಹೆಂಚಿನ ಮೇಲೆ ಕೂತ ಕಾಗೆ ಬಾಯಿ ತೆರೆದು ಮುಚ್ಚುವುದನ್ನು ನೋಡಿಯೇ ನಾವು ನೆಂಟರು ಬರುತ್ತಾರೆ ಅಂದುಕೊಳ್ಳುವುದು. ಸೊಪ್ಪಿನವಳು ಬಾಗಿಲಲ್ಲಿ ನಿಂತು ದಂಟಿನ ಕಟ್ಟನ್ನು ಒಳಗೆ ಚಾಚಿ ಅಲ್ಲಾಡಿಸುತ್ತಾಳೆ. ಜಗಳ ಆಡುವವರು ಬೀದಿ ದಾಟಿ ಎದುರಾಳಿಯ ಮುಖದ ಹತ್ತಿರ ಬರಬೇಕು. ಅಷ್ಟು ನಡೆಯುವ ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತದೆ. ಶಾಲೆಯಲ್ಲಿ ಮೇಷ್ಟ್ರು ಬೆಂಚಿನಿಂದ ಬೆಂಚಿಗೆ ಹೋಗಿ ಅದೇ ಪಾಠ ಹೇಳುತ್ತಾರೆ, ಅದಕ್ಕೇ ನಮ್ಮ ಮೇಷ್ಟ್ರುಗಳೆಲ್ಲ ಸಣಕಲು.

ದೂರ ಹೋಗುವುದು ಪೆಟ್ಟಿಗೆಯ ಮಾತು ಮಾತ್ರ. ಅದೂ ಮನೆಯವರೇ ಕೈಯಾರೆ ಮಾಡಿದ ಪೆಟ್ಟಿಗೆ. ಬೇರೆ ಊರಿನಿಂದ ಹೊಳೆಹೊಳೆಯುವ ಸ್ಪೀಕರ್ ತಂದು ಜಗಲಿಯ ಮೇಲಿಟ್ಟವರು ಇದ್ದಾರೆ. ಅದು ಬಸ್ಸಿನಿಂದ ಇಳಿದಲ್ಲಿಂದಲೇ ಮೂಕ. ಸದ್ದು ಹೊರಡಿಸುವ ಕೋನು, ಆಂಪ್ಲಿಫೈಯರ್, ವೈರು, ಇವನ್ನೆಲ್ಲ ಅಂಗಡಿಯಲ್ಲಿ ಕೊಳ್ಳಬಹುದು. ಆದರೆ ಹಲಗೆ ಕೊಯ್ದು, ಅಂಟು ಹಾಕಿ, ಬೆಸುಗೆ ಹಚ್ಚಿ, ಎಲ್ಲೂ ಗಾಳಿ ಸೋರದ ಹಾಗೆ ಬಿಗಿದು ಮುಗಿಸುವುದು ಆ ಮನೆಯ ಕೈಯೇ ಆಗಬೇಕು. ಮುಗಿಯುವ ತನಕ ಅದರ ಸದ್ದೂ ಒಂದು ಮಾರಿನೊಳಗೇ. ಹೆಣ್ಣು ಕೊಡುವಾಗ ನಮ್ಮಲ್ಲಿ ಹುಡುಗನ ಬಗ್ಗೆ ಮೊದಲು ಕೇಳುವುದು, "ಬೆಸುಗೆ ಹಾಕೋಕೆ ಬರುತ್ತಾ?" ಅಂತ.

ನಮ್ಮ ಮನೆಯವರಿಗೆ ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು. ಅವರ ಹೆಸರು ತಿಪ್ಪೇರುದ್ರಪ್ಪ, ಊರಿನ ನೀರುಗಂಟಿ. ಬೆಳಿಗ್ಗೆ ಯಾವ ಬೀದಿಗೆ ನೀರು ಬಿಡುತ್ತಾರೆ ಅಂತ ಮೊದಲು ಪೆಟ್ಟಿಗೆಯಲ್ಲಿ ಹೇಳಿ, ಆಮೇಲೆ ಸೈಕಲ್ ಹತ್ತಿ ಟ್ಯಾಂಕಿನ ಹತ್ತಿರ ಹೋಗಿ ವಾಲ್ವ್ ತಿರುಗಿಸುತ್ತಾರೆ. ನಾನು ಸರ್ವಮಂಗಳ, ಕೊಳದ ಬೀದಿಯಲ್ಲಿ ರವಿಕೆ ಹೊಲಿಯುವವಳು. ನಮ್ಮ ಮದುವೆಯಾದ ಹೊಸದರಲ್ಲಿ ಅವರು ನನ್ನ ತವರಿನಿಂದ ಬಂದಿದ್ದ ತೇಗದ ಬೀರು ಒಡೆದು ಆ ಹಲಗೆಗಳಿಂದ ಒಂದು ಪೆಟ್ಟಿಗೆ ಮಾಡಿದರು. ನನ್ನ ಸೀರೆಗಳು ಅಂದಿನಿಂದ ಹಗ್ಗದ ಮೇಲೆ. ಪೆಟ್ಟಿಗೆ ನನ್ನ ಎದೆಯೆತ್ತರ ಇತ್ತು. ಒಳಗೆ ಕಡಬಿನ ದಬರಿಯ ಅಗಲದ ಕೋನು, ಪಕ್ಕದಲ್ಲಿ ಫ್ಯಾನು ಹಾಕಿದರೂ ಬಿಸಿಯಾಗುವ ಆಂಪ್ಲಿಫೈಯರ್. ಬೀದಿಯವರು ಅದಕ್ಕೆ ಐರಾವತ ಅಂತ ಹೆಸರಿಟ್ಟರು. ಐರಾವತದಲ್ಲಿ ಇವರು "ಇವತ್ತು ಕೊಳದ ಬೀದಿಗೆ ನೀರು" ಅಂದರೆ ಮೋಡ ಬಾಯಿ ಬಿಟ್ಟ ಹಾಗಿರುತ್ತಿತ್ತು. ಮಕ್ಕಳು ಆಟ ನಿಲ್ಲಿಸುತ್ತಿದ್ದರು. ಇವರು ಬೀದಿಯಲ್ಲಿ ಸೈಕಲ್ ಮೇಲೆ ಹೋಗುವಾಗ ಗಂಡಸರು ದೂರದಿಂದಲೇ ಕೈ ಎತ್ತುತ್ತಿದ್ದರು, ಇವರೂ ದೂರದಿಂದಲೇ ತಲೆಯಾಡಿಸುತ್ತಿದ್ದರು.

ಅದರಲ್ಲಿ ನಾನು ಮಾತಾಡಿದರೆ ಮಾತ್ರ ಬಾವಿಯೊಳಗೆ ಬಿದ್ದ ಕೊಡ ಕೂಗಿದ ಹಾಗೆ ಕೇಳುತ್ತಿತ್ತು. ಒಂದೆರಡು ಸಲ ಮಾತಾಡಿ, ಎದುರು ಮನೆಯ ಪುಟ್ಟನಂಜಮ್ಮ ಬೆಚ್ಚಿಬಿದ್ದು ಮೊರ ಕೈಬಿಟ್ಟದ್ದನ್ನು ಕಣ್ಣಾರೆ ಕಂಡು, ಸುಮ್ಮನಾಗಿಬಿಟ್ಟೆ. ನಾನು ಹುಟ್ಟಾ ಮಾತುಗಾತಿ. ರವಿಕೆ ಅಳತೆ ಕೊಡಲು ಬಂದವರಿಗೆ, ಅಂದರೆ ಟೇಪು ಹಿಡಿಯುವಷ್ಟು ಹತ್ತಿರ ಬಂದವರಿಗೆ, ಅದು ಗೊತ್ತು. ಉಳಿದ ಊರಿಗೆ ನಾನು ನೀರುಗಂಟಿಯ ಬಿಗುಮಾನದ ಹೆಂಡತಿ.

ಹೀಗೇ ನಡೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ನಮ್ಮಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು.

ಅಕ್ಕ ದಾಕ್ಷಾಯಣಿಯ ಮನೆ ಕೊಳದ ಆಚೆ ದಡದಲ್ಲಿ. ನಮ್ಮ ಜಗಲಿಯಿಂದ ಅವಳ ಕಿಟಕಿ ಕಾಣುತ್ತದೆ, ಸುತ್ತಿ ಹೋಗಲು ಮಾತ್ರ ಬಹಳ ನಡೆಯಬೇಕು. ಮೊದಲೆಲ್ಲ ಅವಳೇ ಮಧ್ಯಾಹ್ನ ಊಟ ಮುಗಿಸಿ ಬರುತ್ತಿದ್ದಳು. ನಾನು ಮಿಷಿನ್ನು ತುಳಿಯುತ್ತಾ, ಅವಳು ಗುಂಡಿ ಹೊಲಿಯುತ್ತಾ ಸಂಜೆಯ ತನಕ ಮಾತು. ಈಗ ಅವಳು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದಳು. ಡಾಕ್ಟರು ದಿನಾ ಸ್ವಲ್ಪ ಎದ್ದು ನಡೆಯಬೇಕು ಅಂದಿದ್ದರು, ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ನಾನು ಬೆಳಿಗ್ಗೆ ಹೋಗಿ ತಲೆ ಬಾಚಿ ಬರುತ್ತಿದ್ದೆ. ಮಧ್ಯಾಹ್ನದ ಹೊತ್ತು ಅವಳು ಒಬ್ಬಳೇ. ತಲೆ ಬಾಚುವಾಗಲೂ ಅವಳ ಮಾತು ದಿನದಿನಕ್ಕೆ ಕಡಿಮೆಯಾಗುತ್ತಾ ಬಂತು. ನನಗೆ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಕೊಳದ ಆಚೆಯಿಂದ ಅವಳ ಪೆಟ್ಟಿಗೆ ಕೂಗಿತು. ತೀರಿಕೊಂಡ ನಮ್ಮ ಭಾವ ಮಾಡಿಕೊಟ್ಟಿದ್ದ ಪುಟ್ಟ ಪೆಟ್ಟಿಗೆ ಅದು. "ಮಂಗಳೀ, ಏನ್ ಮಾಡ್ತಿದೀಯೇ?" ನಾನು ಕತ್ತರಿ ಬಿಸಾಕಿ ಓಡಿ ಐರಾವತದ ಮೈಕು ಹಿಡಿದೆ. "ಅಕ್ಕಾ, ಹೊಲೀತಾ ಇದೀನಿ!"

ಕೊಳದ ನೀರು ನಡುಗಿತು. ಆಮೇಲೆ ಅಕ್ಕನ ಧ್ವನಿ: "ನಿನ್ನ ಗಂಡನ ಕೈಲಿ ಯಾಕೆ ಉತ್ತರ ಕೊಡಿಸ್ತೀಯಾ? ಅವರಿಗೆ ಬೇರೆ ಕೆಲಸ ಇಲ್ವಾ? ನೀನೇ ಮಾತಾಡು."

"ನಾನೇ ಅಕ್ಕಾ!"

"ತಮಾಷೆ ಸಾಕು," ಅಂದಳು ಅಕ್ಕ, ಮತ್ತೆ ಮಾತಾಡಲಿಲ್ಲ. ಬೀದಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನಗುತ್ತಿದ್ದದ್ದು ಕಾಣಿಸಿತು. ನನಗೂ ನಗು ಬಂತು. ನಗುತ್ತಲೇ ಒಳಗೆ ಬಂದು ಮಿಷಿನ್ನಿನ ಮುಂದೆ ಕೂತರೆ ಸೂಜಿಯ ಕಣ್ಣು ಕಾಣಿಸಲಿಲ್ಲ.

ಸಂಜೆ ಇವರಿಗೆ ಹೇಳಿದೆ. ಇವರು ಕೂಡಲೇ ಹುರುಪಿನಿಂದ ಎದ್ದರು. "ನಿನ್ನ ಧ್ವನಿಗೆ ಬಲ ಸಾಲದು ಮಂಗಳಾ. ಇನ್ನೊಂದು ಆಂಪ್ಲಿಫೈಯರ್ ಸೇರಿಸ್ತೀನಿ, ಆಗ ನೋಡು." ಸೇರಿಸಿದರು. ಮಾರನೆಯ ದಿನ ನಾನು "ಅಕ್ಕಾ" ಅಂದದ್ದಕ್ಕೆ ಅಡುಗೆಮನೆಯ ಗೂಡಿನಿಂದ ಲೋಟಗಳು ಉರುಳಿದವು, ಪುಟ್ಟನಂಜಮ್ಮನ ಕರು ಗೂಟ ಕಿತ್ತುಕೊಂಡು ಓಡಿತು. ಆಚೆ ದಡದ ಕಿಟಕಿ ಮುಚ್ಚಿಕೊಂಡಿತು.

"ರೀ, ನನಗೆ ಬಲ ಬೇಡ," ಅಂದೆ. "ನನ್ನ ಧ್ವನಿ ನನ್ನ ಹಾಗೇ ಹೋಗ್ಬೇಕು, ಅಷ್ಟೇ. ನಿಮ್ಮ ಅಂಗಿ ನನಗೆ ಹಾಕಿ, ತೋಳು ಮಡಚಿ, ಸರಿಯಾಗಿದೆ ಅಂದ್ರೆ ಹೇಗೆ?"

"ಪೆಟ್ಟಿಗೆ ಅಂದ್ರೆ ರವಿಕೆಯೇನೇ?"

"ಹೌದು, ರವಿಕೆಯೇ," ಅಂದೆ. ಅಂದ ಮೇಲೆ ನನಗೇ ಅದು ಸರಿ ಅನ್ನಿಸಿತು. ಮೂವತ್ತು ವರ್ಷ ಊರ ಹೆಂಗಸರ ಮೈಗೆ ಅಳತೆ ಹಿಡಿದವಳು ನಾನು. ಒಬ್ಬಳ ರವಿಕೆ ಇನ್ನೊಬ್ಬಳಿಗೆ ಆಗುವುದಿಲ್ಲ ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಳಿಗ್ಗೆ ಚೀಲ ಹಿಡಿದು ಜಬ್ಬಾರ್ ಸಾಹೇಬರ ಅಂಗಡಿಗೆ ಹೋದೆ. ಊರಿಗೆಲ್ಲ ಕೋನು, ವೈರು ಮಾರುವುದು ಅವರೇ. ಕೌಂಟರಿನ ಮೇಲೆ ಬಗ್ಗಿ ಕೇಳಿದರು, "ಯಜಮಾನರು ಬರಲಿಲ್ವಾ ಅಮ್ಮಾ?"

"ಅವರ ಪೆಟ್ಟಿಗೆ ಅವರಿಗಾಯ್ತು ಸಾಹೇಬ್ರೇ. ಇದು ನನಗೆ. ಕೊಳದ ಆಚೆ ದಡಕ್ಕೆ ಹೋಗ್ಬೇಕು, ಗುಡುಗಬಾರದು."

ಅವರು ಗಡ್ಡ ನೀವಿಕೊಂಡು ಆಂಪ್ಲಿಫೈಯರುಗಳನ್ನು ಸಾಲಾಗಿ ಇಟ್ಟರು. ನಾನು ದೀಪ ಮಿನುಗುವ ದೊಡ್ಡದರ ಕಡೆ ಕೈ ಚಾಚಿದೆ. "ತಡೀರಿ. ಮೊದಲು ಏನೂ ಹಾಕದೇ ಕೇಳಿ. ಸುಮ್ಮನಿದ್ದಾಗ ಗೊಣಗುವಂಥದ್ದು ನಿಮ್ಮ ಮಾತಿನ ಮಧ್ಯೆಯೂ ಗೊಣಗುತ್ತೆ." ಒಂದೊಂದನ್ನೇ ಕೋನಿಗೆ ಜೋಡಿಸಿ ಚಾಲೂ ಮಾಡಿದರು. ನಾನು ಹತ್ತಿರ ಬಗ್ಗಿ ಕಿವಿ ಇಟ್ಟೆ. ದೊಡ್ಡದು ದೂರದ ಹಿಟ್ಟಿನ ಗಿರಣಿಯ ಹಾಗೆ ಗುಂಯ್ ಅನ್ನುತ್ತಿತ್ತು. ಇನ್ನೊಂದು ಬಾಣಲೆಯಲ್ಲಿ ರವೆ ಹುರಿದ ಹಾಗೆ ಸರಸರ. ಕೊನೆಯಲ್ಲಿ ಒಂದು ಸಣ್ಣದಿತ್ತು, ಅವಲಕ್ಕಿ ಡಬ್ಬಿಯಷ್ಟು. ಕಿವಿಯಿಟ್ಟೆ, ಏನೂ ಇಲ್ಲ. "ಇದನ್ನ ಚಾಲೂ ಮಾಡಿಲ್ಲ ನೀವು," ಅಂದೆ. ಅವರು ನಗುತ್ತಾ ಮೈಕಿನ ಮೇಲೆ ಉಗುರಿನಿಂದ ಕುಟ್ಟಿದರು. ಟಕ್ ಅಂತ ನನ್ನ ಕಿವಿಯಲ್ಲೇ ಕುಟ್ಟಿದ ಹಾಗಾಯಿತು.

"ಇಷ್ಟು ಸಣ್ಣದರ ಶಕ್ತಿ ಸಾಕಾಗುತ್ತಾ?"

"ಕೋನು ಭಾರ ಇದ್ರೆ ತಳ್ಳೋಕೆ ದೊಡ್ಡದು ಬೇಕು. ಈ ಕಾಗದದ ಕೋನು ನೋಡಿ, ಉಫ್ ಅಂದ್ರೆ ಅಲ್ಲಾಡುತ್ತೆ. ಇದಕ್ಕೆ ಇದು ಧಾರಾಳ. ಓಮ್ ಅಂತ ಬರೆದಿರೋ ಅಂಕಿ ಮಾತ್ರ ಹೊಂದಬೇಕು. ಕೋನಿನ ಬೆನ್ನ ಮೇಲೆ ಎಂಟು ಅಂತಿದ್ರೆ ಆಂಪ್ಲಿಫೈಯರಿನ ಹಿಂದೆಯೂ ಎಂಟು. ತಪ್ಪಿದ್ರೆ ಬಿಸಿಯಾಗಿ ಸುಟ್ಟುಹೋಗುತ್ತೆ." ಆಮೇಲೆ ಬೊಟ್ಟಿನಷ್ಟು ಚಿಕ್ಕ ಇನ್ನೊಂದು ಸ್ಪೀಕರನ್ನೂ ಚೀಲಕ್ಕೆ ಹಾಕಿದರು. "ಟ್ವೀಟರು. ಸಕಾರ, ಶಕಾರಕ್ಕೆ. ಹೆಂಗಸರು ಬೈಯುವಾಗ ಬೇಕಾಗುತ್ತೆ."

ಮನೆಯಲ್ಲಿ ಮೊದಲು ಹಲಗೆ ಕೊಯ್ಯಲಿಲ್ಲ ನಾನು. ರೇಷ್ಮೆಗೆ ಕತ್ತರಿ ಹಾಕುವ ಮುಂಚೆ ಹಳೇ ಬಟ್ಟೆಯಲ್ಲಿ ಕತ್ತರಿಸಿ ನೋಡುವವಳಲ್ಲವೇ. ಬಿಸ್ಕತ್ತಿನ ರಟ್ಟಿನ ಡಬ್ಬಕ್ಕೆ ತೂತು ಮಾಡಿ ಕೋನು ಕೂರಿಸಿ ಮಾತಾಡಿದೆ. ನೆಗಡಿಯಾದವಳ ಧ್ವನಿ ಬಂತು. ಎಣ್ಣೆ ಡಬ್ಬದಲ್ಲಿ ಸೊಳ್ಳೆಯ ಧ್ವನಿ. ಮಣ್ಣಿನ ಮಡಕೆಯಲ್ಲಿ ಭವಿಷ್ಯ ಹೇಳುವವಳ ಹಾಗೆ ಕೇಳಿ ನಾನೇ ಬಿದ್ದು ಬಿದ್ದು ನಕ್ಕೆ. ಬೆಲ್ಲ ತುಂಬಿ ಬಂದಿದ್ದ ಒಂದು ಮರದ ಪೆಟ್ಟಿಗೆ ಮೂಲೆಯಲ್ಲಿತ್ತು. ಅದರಲ್ಲಿ ಕೂರಿಸಿ "ಒಂದು, ಎರಡು" ಅಂದರೆ, ಹೌದು, ಬಹುಮಟ್ಟಿಗೆ ನಾನೇ. ಟೇಪು ತಂದು ಅದರ ಉದ್ದ ಅಗಲ ಹಿಡಿದೆ. ಅದರ ಹಲಗೆಗೆ ಮಾತ್ರ ಹುಳು ಹಿಡಿದಿತ್ತು. ನನ್ನ ಕತ್ತರಿಸುವ ಮೇಜಿನ ಹಲಗೆ ಒಳ್ಳೇ ಹಲಸಿನದು. ಸ್ವಲ್ಪ ಹೊತ್ತು ಅದನ್ನು ಸವರುತ್ತಾ ಕೂತಿದ್ದೆ. ಇನ್ನುಮೇಲೆ ನೆಲದ ಮೇಲೆ ಚಾಪೆ ಹಾಸಿ ಕತ್ತರಿಸಿದರಾಯಿತು ಅಂದುಕೊಂಡು ಗರಗಸ ತಂದೆ.

ಇವರು ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿ ತುಟಿ ಓರೆ ಮಾಡಿ ಹೋದರು. ಮಾರನೆಯ ದಿನ ಕಾಫಿ ಲೋಟ ಹಿಡಿದು ಕೋಣೆಯ ನಡುವಿನ ತನಕ ಬಂದರು. ಆಮೇಲೆ ಏನೋ ಹುಡುಕುವವರ ಹಾಗೆ ಬಂದು ನನ್ನ ಹಿಂದೆಯೇ ನಿಂತರು. ಅವರ ತುಟಿ ಅಲ್ಲಾಡುತ್ತಿದ್ದದ್ದು ಕಂಡರೂ ನಾನು ಬೇಕೆಂದೇ ಮಾರಿನಾಚೆಗೆ ಸರಿದು ಕೂತು ಬೆಸುಗೆ ಹಾಕಿದೆ. ಬೆರಳು ಸುಟ್ಟುಕೊಂಡೆ, ಉಸಿರೆತ್ತಲಿಲ್ಲ. ದಿಂಬಿನ ಹತ್ತಿ ಕಿತ್ತು ಪೆಟ್ಟಿಗೆಯೊಳಗೆ ತುಂಬಿದೆ. ಬಾಯಲ್ಲಿ ಚಕ್ಕುಲಿ ಇಟ್ಟುಕೊಂಡು ಮಾತಾಡಿದ ಹಾಗಾಯಿತು. ಅರ್ಧ ತೆಗೆದೆ, ಸರಿಹೋಯಿತು. ಹಿಂದಿನ ಹಲಗೆ ಬಿಗಿದು, ಮುಗಿಯಿತು ಅಂತ ಸೆರಗಿನಿಂದ ಒರೆಸಿ, ಹತ್ತಿರ ಕೂತು ಮಾತಾಡಿದೆ. ನನ್ನದೇ ಧ್ವನಿ, ಚೊಕ್ಕವಾಗಿ. ರವಿಕೆ ತೆಗೆದುಕೊಂಡು ಹೋಗಲು ಬಂದಿದ್ದ ಪುಟ್ಟನಂಜಮ್ಮನ ಕೈಗೆ ಮೈಕು ಕೊಟ್ಟು, ನಾನು ಬಾಗಿಲಿಗೆ ಹೋಗಿ ನಿಂತು, ಮಾತಾಡು ಅಂತ ಸನ್ನೆ ಮಾಡಿದೆ. ಅವಳ ತುಟಿ ಅಲ್ಲಾಡಿತು. ಏನೂ ಕೇಳಲಿಲ್ಲ. ಪೆಟ್ಟಿಗೆ ಒಂದು ಮಾರು ದಾಟಿರಲಿಲ್ಲ.

ಅಳು ಬಂದುಬಿಟ್ಟಿತು ನನಗೆ. ಬಿಗಿಯುವುದೆಲ್ಲ ಬಿಗಿದಿದ್ದೆ, ಅಂಟು ಹಾಕುವುದೆಲ್ಲ ಹಾಕಿದ್ದೆ. ನೆಲದ ಮೇಲೆ ಕೂತು ನೋಡುತ್ತಿದ್ದಾಗ ಇವರು ದೇವರ ಗೂಡಿನಿಂದ ಊದುಬತ್ತಿ ಹಚ್ಚಿಕೊಂಡು ಬಂದರು. ಪೂಜೆ ಮಾಡುತ್ತಾರೇನೋ ಅಂದುಕೊಂಡೆ. ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, "ಮಾತಾಡ್ತಾ ಇರು," ಅಂದರು.

"ಏನ್ ಮಾತಾಡಲಿ?"

"ನನ್ನ ಬೈಯಿ. ಅದಕ್ಕೆ ತಡವರಿಸಲ್ಲ ನೀನು."

ನಾನು ಮೈಕು ಹಿಡಿದು ತೇಗದ ಬೀರುವಿನಿಂದ ಶುರು ಮಾಡಿದೆ. ಇವರು ಊದುಬತ್ತಿಯನ್ನು ಪೆಟ್ಟಿಗೆಯ ಅಂಚುಗುಂಟ ನಿಧಾನವಾಗಿ ಒಯ್ದರು. ಹೊಗೆ ನೆಟ್ಟಗೆ ಏಳುತ್ತಿತ್ತು. ಕೆಳಗಿನ ಬಲ ಮೂಲೆಗೆ ಬಂದಾಗ, ನಾನು "ಸೀರೆ" ಅಂದಾಗಲೆಲ್ಲ, ಹೊಗೆ ಫುಸ್ ಅಂತ ಪಕ್ಕಕ್ಕೆ ಬಾಗಿತು. "ಇಲ್ಲಿದೆ ಕಳ್ಳ!" ಅಂದರು. ಕೂದಲೆಳೆಯಷ್ಟು ಸಂದು. ಗರಗಸದ ಹೊಟ್ಟಿಗೆ ಅಂಟು ಕಲೆಸಿ, ತಾವು ಮುಟ್ಟದೆ ನನ್ನ ಕೈಗೇ ಕೊಟ್ಟರು. ನಾನು ಬೆರಳಿನಿಂದ ತುಂಬಿದೆ.

ಅಂಟು ಒಣಗಿದ ಮೇಲೆ ಇಬ್ಬರೂ ಸೇರಿ ಪೆಟ್ಟಿಗೆಯನ್ನು ಜಗಲಿಗೆ ತಂದು ಕೊಳದ ಕಡೆಗೆ ಮುಖ ಮಾಡಿ ಇಟ್ಟೆವು. ಏನೇನೋ ಹೇಳಬೇಕು ಅಂದುಕೊಂಡಿದ್ದೆ. ಮೈಕು ಹಿಡಿದರೆ ಬಾಯಿಗೆ ಬಂದದ್ದು, "ಅಕ್ಕಾ, ಊಟ ಆಯ್ತಾ?"

ಮಾತು ನನ್ನನ್ನು ಬಿಟ್ಟು ಹೋದದ್ದು ನನಗೆ ಗೊತ್ತಾಯಿತು. ನೀರಿನ ಮೇಲೆ ಹೋಗಿ ಆಚೆಯ ಗೋಡೆಗೆ ತಾಗಿ ಸಣ್ಣಗೆ ಹಿಂದಿರುಗಿ ಬಂತು. ಬೀದಿಯಲ್ಲಿ ಜನ ನಿಂತರು. ಇದು ಯಾರ ಮನೆಯ ಪೆಟ್ಟಿಗೆ ಅಂತ ಒಬ್ಬರ ಮುಖ ಒಬ್ಬರು ನೋಡಿದರು. ಆಚೆ ಕಿಟಕಿ ತೆರೆದುಕೊಂಡಿತು.

"ಮಂಗಳೀ?"

"ಹೂಂ ಅಕ್ಕಾ."

"ನೀನೇನೇ!" ಅಂದಳು ಅಕ್ಕ. ಆಮೇಲೆ, "ಆಯ್ತು ಕಣೇ. ಹುರುಳಿಕಾಯಿ ಪಲ್ಯ. ನಾರು ತೆಗೆದಿಲ್ಲ ಆ ಮಹಾತಾಯಿ, ಇನ್ನೂ ಹಲ್ಲಲ್ಲಿ ಸಿಕ್ಕೊಂಡಿದೆ. ನಿಂದೇನು ಅಡುಗೆ?" ಅಂದಳು. ಅಕ್ಕ ದೂರು ಹೇಳುವಷ್ಟು ಗೆಲುವಾಗಿದ್ದಳು! ನಾನು ಮೂಗು ಒರೆಸಿಕೊಂಡು ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ಆ ಮಧ್ಯಾಹ್ನ ನಾವು ಯಾವುದನ್ನೂ ಬಿಡಲಿಲ್ಲ. ಊರೆಲ್ಲ ಕೇಳುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಅಕ್ಕನ ಸೊಸೆಗೂ ಸಂಜೆಯೊಳಗೆ ಗೊತ್ತಾಯಿತು. ಅವಳು ಮಾರನೆಯ ದಿನ ತನ್ನ ಅತ್ತೆಯ ಮಂಚದ ಮೇಲೆ ಹುರುಳಿಕಾಯಿ ರಾಶಿ ಸುರಿದು, "ನಾರು ನೀವೇ ತೆಗೀರಿ, ಕೂತಲ್ಲೇ ಮಾಡೋ ಕೆಲಸ" ಅಂದಳಂತೆ. ಅಕ್ಕ ತೆಗೆದಳು. ಅದಾದ ಮೇಲೆ ಕೋಲು ಹಿಡಿದು ಅಡುಗೆಮನೆಯ ತನಕ ಹೋಗಿ ಒಗ್ಗರಣೆ ನೋಡಿದಳು.

ದಿನಾ ಮಧ್ಯಾಹ್ನ ನಮ್ಮ ಮಾತು ಶುರುವಾದರೆ ಜನ ಜಗಲಿಗೆ ಮೊರ, ಬುಟ್ಟಿ ತಂದುಕೊಂಡು ಕೂರುತ್ತಿದ್ದರು. ಬಿಗುಮಾನದ ಹೆಂಡತಿ ಮಾಯವಾದಳು. ಪುಟ್ಟನಂಜಮ್ಮ ಬೀದಿ ದಾಟಿ ಬಂದು, "ಇಷ್ಟೊಂದು ಮಾತನ್ನ ಎಲ್ಲಿಟ್ಟಿದ್ದೆ ತಾಯಿ?" ಅಂತ ಗಲ್ಲ ಹಿಂಡಿದಳು.

ಇವರು ಮಾತ್ರ ಮಂಕಾದರು. ನೀರಿನ ವಿಷಯ ಹೇಳಲು ಐರಾವತದ ಮುಂದೆ ಕೂತವರು, ಎರಡು ಮಾತು ಹೇಳಿ ಎದ್ದುಬಿಡುತ್ತಿದ್ದರು. ಒಂದು ದಿನ ಹೇಳಲೇ ಇಲ್ಲ, ಸುಮ್ಮನೆ ಹೋಗಿ ನೀರು ಬಿಟ್ಟರು. ಅರ್ಧ ಬೀದಿಯವರು ಕೊಡ ಇಡಲಿಲ್ಲ. ನನ್ನ ಪೆಟ್ಟಿಗೆಯನ್ನು ಜನ ಹೊಗಳುತ್ತಾರೆ ಅಂತ ಹೊಟ್ಟೆಕಿಚ್ಚೋ ಏನೋ ಅಂದುಕೊಂಡೆ. ಮನೆಗೆ ಬಂದಾಗ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ.

ಇವರು ಐರಾವತದ ಕಡೆ ನೋಡುತ್ತಾ, "ಅದರಲ್ಲಿ ಮಾತಾಡೋದು ನಾನಲ್ಲ ಮಂಗಳಾ," ಅಂದರು. ನನಗೆ ಅರ್ಥವಾಗಲಿಲ್ಲ. "ನನ್ನ ಧ್ವನಿ ಹೇಗಿದೆ ಅಂತ ನಿನಗೆ ಗೊತ್ತು."

ಗೊತ್ತಿತ್ತು. ಇವರದು ಸಣ್ಣ ಧ್ವನಿ. ತುಂಬಾ ಸಣ್ಣ, ಕಣ್ಣು ಮುಚ್ಚಿಕೊಂಡು ಕೇಳಿದರೆ ಹದಿನಾಲ್ಕರ ಹುಡುಗ ಅನ್ನಬೇಕು. ಮದುವೆಯಾದ ಹೊಸದರಲ್ಲಿ ಅಚ್ಚರಿಯಾಗಿತ್ತು, ಆಮೇಲೆ ಅದೇ ನನ್ನ ಗಂಡನ ಧ್ವನಿಯಾಯಿತು, ಬೇರೆ ಹೇಗಿರಬೇಕಿತ್ತು ಅಂತ ನಾನು ಯೋಚಿಸಿದ್ದೇ ಇಲ್ಲ.

"ಶಾಲೇಲಿ ನನ್ನ ಪೀಪಿ ಅಂತಿದ್ರು," ಅಂದರು. "ಪೆಟ್ಟಿಗೆ ಮಾಡೋದು ಕಲಿತಿದ್ದೇ ಅದಕ್ಕೆ. ಇಷ್ಟು ವರ್ಷ ಯಾರನ್ನೂ ಒಂದು ಮಾರಿನ ಒಳಗೆ ಬಿಟ್ಟುಕೊಂಡಿಲ್ಲ. ಕೈ ಎತ್ತೋದು, ತಲೆಯಾಡಿಸೋದು, ಹೋಗೋದು. ನೀನು ನೋಡಿದ್ರೆ ಊಟ ಆಯ್ತಾ ಅಂತ ಒಂದು ಮಾತಂದು ಊರನ್ನೇ ಜಗಲಿಗೆ ಕರೆಸಿಕೊಂಡೆ."

ಬೀದಿಯವರ ಜೊತೆ ಬೆರೆಯದ ಗಂಡಸು ಅಂತ ಎಷ್ಟು ಸಲ ಇವರನ್ನು ನಾನೇ ಅಂದಿದ್ದೆನೋ. ಟೇಪು ತೆಗೆದು ಕೊರಳಿಗೆ ಹಾಕಿಕೊಂಡೆ. "ಏಳಿ. ನಿಮಗೂ ಅಳತೆ ತಗೋತೀನಿ."

ಈ ಸಲ ಹಲಗೆ ಕೊಯ್ದವರು ಅವರು, ಕೋನು ಆರಿಸಿದವಳು ನಾನು. ಜಬ್ಬಾರ್ ಸಾಹೇಬರು ಅದೇ ಅವಲಕ್ಕಿ ಡಬ್ಬಿಯಂಥ ಆಂಪ್ಲಿಫೈಯರ್ ಇನ್ನೊಂದು ಕೊಟ್ಟರು. ನಡುವೆ ಇವರಿಗೆ ಧೈರ್ಯ ಕುಸಿಯಿತು. "ಸ್ವಲ್ಪ, ಸ್ವಲ್ಪವೇ ದಪ್ಪ ಮಾಡು. ಪೆಟ್ಟಿಗೆ ಎರಡು ಬೆರಳು ಅಗಲ ಮಾಡಿದ್ರೆ ಸಾಕು."

"ನಾನು ಯಾರ ರವಿಕೆಗೂ ಸ್ಪಂಜು ಇಟ್ಟು ಹೊಲಿದವಳಲ್ಲ," ಅಂದೆ. ಇವರು ನಕ್ಕು ಮತ್ತೆ ಗರಗಸ ಎತ್ತಿಕೊಂಡರು.

ಜಗಲಿಗೆ ತಂದಿಟ್ಟ ಬೆಳಿಗ್ಗೆ ಇವರು ಕಾಫಿ ಕುಡಿಯಲಿಲ್ಲ. ಮೈಕಿನ ಮುಂದೆ ಕೂತು ಗಂಟಲು ಸರಿಮಾಡಿಕೊಂಡರು, ಒಮ್ಮೆ ಐರಾವತದ ಕಡೆ ತಿರುಗಿದರು. ನಾನು ನಡುವೆ ಅಡ್ಡ ನಿಂತೆ. ಕಣ್ಣು ಮುಚ್ಚಿ ಹೇಳಿಯೇಬಿಟ್ಟರು: "ಇವತ್ತು ಕೊಳದ ಬೀದಿಗೆ ನೀರು. ಹೋಗಿ ಬಿಡ್ತೀನಿ, ಕೊಡ ಇಟ್ಕೊಳ್ಳಿ."

ಸಣ್ಣ ಧ್ವನಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು. ನಲ್ಲಿಯ ಹತ್ತಿರ ಕೊಡ ಇಡುತ್ತಿದ್ದವರು ಬಗ್ಗಿದವರು ಬಗ್ಗಿದ ಹಾಗೇ ನಿಂತರು. ಇಬ್ಬರು ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದರು. ಇವರ ಕುತ್ತಿಗೆ ಕೆಂಪಗಾಯಿತು. ಪುಟ್ಟನಂಜಮ್ಮ ಕೊಡ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿ ದಾಟಿ ನೇರ ನಮ್ಮ ಜಗಲಿಗೆ ಬಂದಳು. ಇವರ ಮುಂದೆ, ಒಂದು ಮಾರಿನ ಒಳಗೆ, ನಿಂತಳು.

"ನೀರುಗಂಟಿಯವರೇ, ಇದು ನಿಮ್ಮ ಧ್ವನಿಯಾ?"

ಇವರು ತಲೆಯಾಡಿಸಲು ಹೋಗಿ, ತಡೆದು, "ಹೌದಮ್ಮಾ," ಅಂದರು.

"ಮತ್ತೆ ಮುಂಚೆಯೇ ಹೇಳಬಾರದಾ? ನಮ್ಮ ನಲ್ಲಿ ಮೂರು ತಿಂಗಳಿಂದ ಸೋರ್ತಾ ಇದೆ, ಆ ಗುಡುಗಿನ ಹತ್ತಿರ ಬಂದು ಕೇಳೋಕೆ ನಮಗೆ ಹೆದರಿಕೆ. ಬನ್ನಿ, ಬಂದು ನೋಡಿ."

ಅವಳ ಹಿಂದೆ ಇನ್ನೊಬ್ಬಳು ಬಂದಳು, ಅವಳ ಹಿಂದೆ ಮೂಲೆ ಮನೆಯ ಮುದುಕ. ಎಲ್ಲರಿಗೂ ಏನೋ ಒಂದು ಕೇಳುವುದಿತ್ತು. ವರ್ಷಗಟ್ಟಲೆ ಕೇಳದೆ ಉಳಿದದ್ದು. ಜಗಲಿಯಲ್ಲಿ ಜಾಗವಿಲ್ಲದೆ ನಾನು ಒಳಗೆ ಸರಿದೆ. ಒಂದು ಮಾರಿನ ಒಳಗೆ ಅಷ್ಟು ಜನ ಹಿಡಿಸುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಇವರು ಒಬ್ಬೊಬ್ಬರಿಗೇ ಉತ್ತರ ಹೇಳಿದರು, ಮುದುಕನಿಗೆ ಎರಡು ಸಲ ಹೇಳಿದರು, ಯಾವುದಕ್ಕೋ ತಾವೇ ಮೊದಲು ನಕ್ಕರು. ಮೈಕು ಚಾಲೂ ಇದ್ದದ್ದು ಯಾರಿಗೂ ನೆನಪಿರಲಿಲ್ಲ. ಆ ನಗು ಕೊಳ ದಾಟಿ ಹೋಯಿತು.

ಹಾಗೆ ಮಾತಾಡುತ್ತಾ ಇವರು ಟ್ಯಾಂಕಿಗೆ ಹೋಗುವುದನ್ನೇ ಮರೆತರು. ಆ ದಿನ ನಮ್ಮ ಬೀದಿಗೆ ನೀರು ಬರುವಾಗ ನಡುಮಧ್ಯಾಹ್ನ. ಒಬ್ಬರೂ ಗೊಣಗಲಿಲ್ಲ.